ಮೂರು ತಾಲೂಕು ಸುತ್ತಿದ ಕಬ್ಬಿಣದ ಕುರ್ಚಿ

ನನ್ನ ನೌಕರಿಯ ಮೊದಲ ಮೂರು ವರ್ಷ ನಾನು ಮಾಡಿದ ಮುಖ್ಯ ಕೆಲಸವೆಂದರೆ ಒಂದು ಕಬ್ಬಿಣದ ಕುರ್ಚಿಯನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಸುತ್ತಾಡಿಸಿದ್ದು. ಈಗ ಬೇಸಾಯದ ಇಲಾಖೆಗೆ ಹೊಸದಾಗಿ ಸೇರುವವರು ನನ್ನಂಥ ನಿವೃತ್ತರನ್ನು ಕಂಡರೆ, "ಆಗೆಲ್ಲ ಕೆಲಸ ಹೇಗಿತ್ತು ಸರ್?" ಎಂದು ಕೇಳುತ್ತಾರೆ. ನಾವು ಮುಖ ಗಂಭೀರ ಮಾಡಿಕೊಂಡು ಸುಧಾರಿತ ತಳಿ, ಸಾಲು ನಾಟಿ, ಕಾಂಪೋಸ್ಟು ಗುಂಡಿ ಎಂದೆಲ್ಲ ಹೇಳಿ ಕಳಿಸಿಬಿಡುತ್ತೇವೆ. ನನಗೆ ಯಾವಾಗ ಬಡ್ತಿ ಬಂತು, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದು ಸೇವಾ ಪುಸ್ತಕದಲ್ಲಿದೆ; ಬೇಕಾದವರು ಅಲ್ಲಿ ನೋಡಿಕೊಳ್ಳಬಹುದು. ಕುರ್ಚಿಯ ವಿಷಯ ಅಲ್ಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕನ್ನಡದ ಸೀಮೆಗಳೆಲ್ಲ ಒಂದಾದ 1956ರಲ್ಲಿ ನಮ್ಮ ಜಿಲ್ಲೆ ಮುಂಬಯಿಯ ಕೈಬಿಟ್ಟು ಮೈಸೂರಿಗೆ ಸೇರಿತು. ಶಿರಸಿಯ ನಮ್ಮ ಕಚೇರಿಗೆ ಹೊಸ ಸಾಹೇಬರು ಬಂದರು. ಹೆಸರು ಶ್ರೀಕಂಠಯ್ಯ, ಊರು ಮಂಡ್ಯದ ಕಡೆ. ಬಿಳಿ ಪ್ಯಾಂಟು, ಬಿಳಿ ಷರಟು, ತಲೆಯ ಮೇಲೆ ಬೆಂಡಿನ ಹ್ಯಾಟು. ಬಂದ ಮೂರನೆಯ ದಿನ ಅವರು ಕಚೇರಿಯ ಗೋದಾಮಿನ ಬಾಗಿಲು ತೆಗೆಸಿದರು. ಗೊಬ್ಬರದ ಹರಕು ಚೀಲಗಳ ಹಿಂದೆ, ಗೋಣಿತಾಟು ಹೊದ್ದು ಅದು ನಿಂತಿತ್ತು.

ಎರಡು ದೊಡ್ಡ ಕಬ್ಬಿಣದ ಗಾಲಿ. ನಡುವೆ ಒಂದು ಚೌಕಟ್ಟು. ಚೌಕಟ್ಟಿನಡಿಯಲ್ಲಿ ಹುಲಿಯುಗುರಿನ ಹಾಗೆ ಬಾಗಿದ ಐದು ಹಲ್ಲು. ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಹಿಡಿ. ಇದೆಲ್ಲದರ ಮೇಲೆ, ಒಂದು ಬಾಗಿದ ಪಟ್ಟಿಯ ತುದಿಗೆ, ತೂತು ತೂತಾಗಿ ಎರಕ ಹೊಯ್ದ ಕುರ್ಚಿ. ಕುರ್ಚಿಗೆ ಬೆನ್ನೂ ಇರಲಿಲ್ಲ, ಕೈಯೂ ಇರಲಿಲ್ಲ. ಕೂರುವ ಭಾಗ ಮಾತ್ರ ಮನುಷ್ಯನ ಆಕಾರಕ್ಕೆ ಸರಿಯಾಗಿ ತಗ್ಗಾಗಿತ್ತು.

"ಏನ್ರೀ ಇದು?" ಎಂದರು ಸಾಹೇಬರು.

"ಗೊತ್ತಿಲ್ರಿ ಸರ್. ನಾ ಬಂದಾಗಿಂದ ಇಲ್ಲೇ ಐತಿ," ಎಂದೆ. ನಾನು ಬಂದು ಐದು ತಿಂಗಳಾಗಿತ್ತು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

ಕುರ್ಚಿಯಡಿಯ ಒಂದು ತಗಡಿನ ಡಬ್ಬಿಯಲ್ಲಿ ಇಂಗ್ಲಿಷ್ ಪುಸ್ತಿಕೆಯೊಂದು ಸಿಕ್ಕಿತು. ಹೋದ ಶತಮಾನದಲ್ಲಿ ಅಮೆರಿಕದವರು ಕಂಡುಹಿಡಿದ ಬೇಸಾಯದ ಸಾಮಾನುಗಳ ವರ್ಣನೆ ಅದರಲ್ಲಿತ್ತು. ಒಬ್ಬ ಕಮ್ಮಾರ ಮುರಿದ ಗರಗಸದ ಉಕ್ಕಿನಿಂದ ನೇಗಿಲು ಮಾಡಿದ್ದು, ಅದರ ನುಣುಪಿಗೆ ಅಂಟುಮಣ್ಣು ತಾನಾಗಿ ಜಾರಿ ಬಿದ್ದದ್ದು. ಇನ್ನೊಬ್ಬ, ಕಲ್ಲಿಗೋ ಬೇರಿಗೋ ತಾಗಿದರೆ ಮುರಿಯದೆ ಬಾಗಿ, ದಾಟಿದ ಮೇಲೆ ಮತ್ತೆ ನೆಟ್ಟಗಾಗುವ ಸ್ಪ್ರಿಂಗು ಹಲ್ಲು ಮಾಡಿದ್ದು. ಮತ್ತೊಬ್ಬ, ಸಾಲುಗಳ ನಡುವೆ ಕಳೆ ತೆಗೆಯುತ್ತ ಮೈಲಿಗಟ್ಟಲೆ ನಡೆದು ಕಾಲು ಸೋತು, ಕಳೆ ತೆಗೆಯುವ ಸಾಧನಕ್ಕೆ ಕುರ್ಚಿ ಹಚ್ಚಿದ್ದು. ಕೊನೆಯ ಪುಟದಲ್ಲಿ ನಮ್ಮ ಗೋದಾಮಿನಲ್ಲಿದ್ದದ್ದರ ಚಿತ್ರವೇ ಇತ್ತು, ಅದೇ ಸ್ಪ್ರಿಂಗು ಹಲ್ಲು, ಅದೇ ಕುರ್ಚಿ. ಗಡ್ಡದ ದೊರೆಯೊಬ್ಬ ಅದರ ಮೇಲೆ ಕೂತು, ಮದುವೆಗೆ ಹೊರಟವನ ಹಾಗೆ ಕುದುರೆ ಹೊಡೆಯುತ್ತಿದ್ದ. ಕುದುರೆಗಳ ಮುಖದಲ್ಲೂ ನಗು ಇದ್ದಂತೆ ಕಾಣುತ್ತಿತ್ತು.

ಸಾಹೇಬರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಬಸಪ್ಪ, ನಮ್ಮ ರೈತ ಎಷ್ಟು ದಿನಾಂತ ಬಗ್ಗಿ ಕಳೆ ಕೀಳ್ಬೇಕು? ಕೂತ್ಕೊಂಡು ಕೀಳ್ಲಿ. ಈ ಕಲ್ಟಿವೇಟರನ್ನ ಮೂರೂ ತಾಲೂಕಿನಲ್ಲಿ ತೋರಿಸಿ. ನಿಮ್ಮ ಖಾಯಮಾತಿಗೆ ನಾನು ಬರೆಯೋದು ಇದರ ಮೇಲೇ."

ಹೀಗೆ ನನ್ನ ಹಣೆಬರಹ ಆ ಕುರ್ಚಿಗೆ ಗಂಟುಬಿತ್ತು.

ಮೊದಲ ಪ್ರಾತ್ಯಕ್ಷಿಕೆಗೆ ನಾನು ಬನವಾಸಿ ಹತ್ತಿರದ ನಮ್ಮ ಊರನ್ನೇ ಆರಿಸಿಕೊಂಡೆ. ನಮ್ಮದು ಅಲ್ಲಿಯ ಒಕ್ಕಲುತನದ ಮನೆ. ಸ್ವಂತ ಊರಿನಲ್ಲಿ ಯಾರೂ ನಗಲಾರರು ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಹೊಸದಾಗಿ ಕೆಲಸಕ್ಕೆ ಸೇರುವವರು ದಯವಿಟ್ಟು ಈ ತಪ್ಪು ಮಾಡಬೇಡಿ. ಬೇರೆ ಊರಿನವರು ಮರ್ಯಾದೆಗಾದರೂ ಬಾಯಿ ಮುಚ್ಚಿಕೊಳ್ಳುತ್ತಾರೆ.

ನಮ್ಮ ಕಡೆ ಭತ್ತವನ್ನು ಕೂರಿಗೆಯಿಂದ ಸಾಲಾಗಿ ಬಿತ್ತುತ್ತಾರೆ. ಪೈರು ಗೇಣುದ್ದ ಆದಾಗ ಎತ್ತು ಹೂಡಿ, ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಕಳೆ ತೆಗೆಯುತ್ತಾರೆ. ಎಡೆಕುಂಟೆಯೆಂದರೆ ಒಂದು ಮರದ ದಿಂಡು, ಒಂದು ಕಬ್ಬಿಣದ ಅಲಗು, ಒಂದು ಹಿಡಿ, ಇಷ್ಟೇ. ಹೆಗಲ ಮೇಲೆ ಹಾಕಿಕೊಂಡು ಹೋಗಬಹುದು. ನಾನು ಊರಿನವರ ಮುಂದೆ ನಿಂತು ಅಮೆರಿಕದ ಮಹಾಶಯರ ಕಥೆಯನ್ನೆಲ್ಲ ಹೇಳಿದೆ. ಅಪ್ಪ ಯಂತ್ರದ ಸುತ್ತ ಎರಡು ಸುತ್ತು ಬಂದ. ಹಲ್ಲು ಮುಟ್ಟಿ ನೋಡಿದ. ಕುರ್ಚಿಯ ತೂತಿನೊಳಗೆ ಬೆರಳು ಹಾಕಿ ತೆಗೆದ.

"ತಮ್ಮಾ, ಇದು ನಮ್ಮ ಎಡಿಕುಂಟಿನ ಅಲ್ಲೇನೋ?"

"ಹೌದಪ್ಪ, ಆದ್ರ ಇದು ಸುಧಾರಿಸಿದ್ದು."

"ಏನ್ ಸುಧಾರಿಸ್ಯಾರ? ಕುಂಡಿಗೆ ಜಾಗಾ ಮಾಡ್ಯಾರ. ಕುಂತಾವನ ಭಾರಾನೂ ಎತ್ತಿಗೇ ಹಾಕ್ಯಾರ."

ಜನ ನಕ್ಕರು. ನಾನು ಸಿಟ್ಟಿನಲ್ಲಿ, "ಹಂಗಾರ ನೀ ಆ ಕಡೆ ಹೊಡಿ, ನಾ ಈ ಕಡೆ ಹೊಡಿತೀನಿ. ಯಾರು ಮೊದಲು ಮುಗಿಸ್ತಾರ ನೋಡೂಣು" ಎಂದುಬಿಟ್ಟೆ. ಅಪ್ಪ ಕುಂಟೆ ಹೂಡಿದ.

ನಮ್ಮ ಹೊಲದ ಉದ್ದ ಸುಮಾರು ಅರವತ್ತು ಹೆಜ್ಜೆ. ಪುಸ್ತಿಕೆಯ ದೊರೆಯ ಹೊಲ ಆಕಾಶ ಮುಟ್ಟುವವರೆಗೆ ಇತ್ತು. ಅವನಿಗೆ ಕುರ್ಚಿ ಬೇಕಿತ್ತು. ನಾನು ಏರಿ ಕೂತು, ಕಾಲು ಸರಿಮಾಡಿಕೊಂಡು, ಎಡಗೈ ಹಿಡಿ ಮುಂದಕ್ಕೆ ದೂಡಿ ಹಲ್ಲು ಇಳಿಸಿ, ಎತ್ತಿಗೆ ಹೋ ಎನ್ನುವಷ್ಟರಲ್ಲಿ ಬದು ಬಂತು. ಬದುವಿನಲ್ಲಿ ತಿರುಗಿಸಲು ಜಾಗವಿಲ್ಲ. ಇಳಿದು, ಎತ್ತು ಬಿಚ್ಚಿ, ನಾಲ್ಕು ಜನರಿಂದ ಯಂತ್ರವನ್ನು ಎತ್ತಿ ತಿರುಗಿಸಿ, ಎತ್ತು ಹೂಡಿ, ಮತ್ತೆ ಏರಿ ಕೂತೆ. ಮೂರನೆಯ ಸಲ ತಿರುಗಿಸುವಾಗ ನೋಡಿದರೆ ಅಪ್ಪ ತನ್ನ ಪಾಲು ಮುಗಿಸಿ, ಯಂತ್ರ ಎತ್ತಲು ಬಂದ ನಾಲ್ವರಲ್ಲಿ ಒಬ್ಬನಾಗಿದ್ದ.

"ಕುಂತು ದಣದೀಯೇನೋ?" ಎಂದು ಮಾತ್ರ ಕೇಳಿದ. ಆ ದಿನ ನಾನು ಮನೆಯಲ್ಲಿ ಊಟಕ್ಕೆ ನಿಲ್ಲಲಿಲ್ಲ.

ವರದಿಯಲ್ಲಿ ನಾನು ಬರೆದದ್ದು: 'ರೈತರು ಯಂತ್ರವನ್ನು ಬಹಳ ಆಸಕ್ತಿಯಿಂದ ಎತ್ತಿ ನೋಡಿದರು.' ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಎರಡನೆಯ ಪ್ರವಾಸ ಯಲ್ಲಾಪುರಕ್ಕೆ. ಅರಬೈಲ್ ಘಟ್ಟದ ಕೆಳಗಿನ ಒಂದು ಹಳ್ಳಿಯಲ್ಲಿ ಪ್ರಾತ್ಯಕ್ಷಿಕೆ. ಸಾಮಾನು ಸಾಗಿಸಲು ನಮಗೆ ಹುಸೇನಸಾಬ ಎಂಬವನ ಎತ್ತಿನಗಾಡಿ ಗೊತ್ತುಮಾಡಲಾಗಿತ್ತು. ಹುಸೇನಸಾಬ ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಅವನಿಗೆ ಗೊತ್ತಿಲ್ಲದ ತಿರುವು ಆ ಘಟ್ಟದಲ್ಲಿರಲಿಲ್ಲ. ಅವನು ಯಂತ್ರವನ್ನು ಬಿಚ್ಚಿ ಗಾಡಿಯ ಮೇಲೆ ಹೇರೋಣ ಎಂದ. ಬಿಚ್ಚಿದರೆ ಮತ್ತೆ ಜೋಡಿಸಲು ನನಗೆ ಬರುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗಿ, "ಇದಕ್ಕೂ ಗಾಲಿ ಅದಾವಲ್ಲ, ಗಾಡಿ ಹಿಂದ ಕಟ್ಟು. ಉರುಳಿಕೊಂಡು ಬರ್ತೈತಿ" ಎಂದೆ.

"ಸಾಬ್ರ, ಇಳಿಜಾರದಾಗ ಅದು ನಮ್ಮ ಹಿಂದ ಬರಾಂಗಿಲ್ರಿ," ಎಂದ ಹುಸೇನಸಾಬ.

"ಮತ್ತ?"

"ಮುಂದ ಹೋಕ್ಕೈತ್ರಿ."

ನಾನು ಕೇಳಲಿಲ್ಲ. ಘಟ್ಟದ ಎರಡನೆಯ ತಿರುವಿನಲ್ಲಿ ಹಗ್ಗ ಹರಿಯಿತು. ಯಂತ್ರ ಒಂದು ಕ್ಷಣ ಯೋಚನೆ ಮಾಡುವಂತೆ ನಿಂತು, ಆಮೇಲೆ ನಮ್ಮ ಬಲಗಡೆಯಿಂದ ಮರ್ಯಾದಸ್ತರ ಹಾಗೆ ದಾಟಿ ಮುಂದೆ ಹೋಯಿತು. ಖಾಲಿ ಕುರ್ಚಿ ತನ್ನಷ್ಟಕ್ಕೆ ತಾನೇ ಹೋಗುವುದನ್ನು ಕಂಡ ಎತ್ತುಗಳು ನಡುರಸ್ತೆಯಲ್ಲಿ ನಿಂತುಬಿಟ್ಟವು. ನಾನು ಹಾರಿ ಇಳಿದು ಓಡಿದೆ. ಒಂದು ತಿರುವು ಓಡಿದೆ, ಎರಡು ತಿರುವು ಓಡಿದೆ. ಪ್ರಪಾತದ ಕಡೆ ಇಣುಕುವಾಗಲೆಲ್ಲ ನನ್ನ ಖಾಯಮಾತಿಯೇ ಕೆಳಗೆ ಬಿದ್ದು ಚೂರಾದಂತೆ ಕಾಣುತ್ತಿತ್ತು.

ಮೂರನೆಯ ತಿರುವಿನಲ್ಲಿ ರಸ್ತೆ ದುರಸ್ತಿಗೆ ಸುರಿದ ಜಲ್ಲಿಯ ರಾಶಿಗೆ ಒಂದು ಗಾಲಿ ಹುಗಿದು ಯಂತ್ರ ನಿಂತಿತ್ತು. ಅದರ ಮೇಲೆ ರಸ್ತೆ ಕೆಲಸದ ಮುದುಕನೊಬ್ಬ ಆರಾಮಾಗಿ ಕೂತು ಎಲೆ ಅಡಿಕೆ ಹಾಕುತ್ತಿದ್ದ.

"ಇಳೀರಿ, ಇದು ಸರ್ಕಾರದ ಸಾಮಾನು!" ಎಂದೆ ಏದುಸಿರು ಬಿಡುತ್ತ.

"ಹೌದಲ," ಎಂದ ಆತ. "ಕೂತ್ಕಂಬುಕೆ ಏನಾದ್ರೂ ಕೊಡಿ ಅಂತ ನಾನು ಅರ್ಜಿ ಹಾಕಿ ಭಾಳ ವರ್ಷ ಆಗಿತ್ತು. ಇವತ್ತು ಬಂತು."

ಅದು ಅವನ ಅರ್ಜಿಗೆ ಬಂದ ಉತ್ತರವಲ್ಲ ಎಂದು ಒಪ್ಪಿಸಲು ಅರ್ಧ ತಾಸು ಹಿಡಿಯಿತು. ನಾನು ಪುಸ್ತಿಕೆಯ ಚಿತ್ರ ತೋರಿಸಿದೆ. ಆತ ನೋಡಿ, "ಇದರಲ್ಲೂ ಒಬ್ಬ ಮುದುಕನೇ ಕೂತಿದ್ದ ಅಲ್ಲ?" ಎಂದ. ಕೊನೆಗೆ ಹುಸೇನಸಾಬ ಬಂದು, ಗಾಡಿಯಲ್ಲಿದ್ದ ಎರಡು ಗೋಣಿಚೀಲ ಮಡಚಿ ಅವನಿಗೆ ಕೂರಲು ಕೊಟ್ಟ ಮೇಲೆ ಎದ್ದ. ಎಡಗಾಲಿ ಸೊಟ್ಟಗಾಗಿತ್ತು. ಅಂದಿನಿಂದ ಯಂತ್ರದ ಮೇಲೆ ಕೂತವರೆಲ್ಲ ಎಡಕ್ಕೆ ವಾಲಿ, ಯಾರದೋ ಗುಟ್ಟು ಕೇಳುವವರ ಹಾಗೆ ಕಾಣುತ್ತಿದ್ದರು.

ಕೆಳಗಿನ ಹಳ್ಳಿಯಲ್ಲಿ ಪ್ರಾತ್ಯಕ್ಷಿಕೆ ನಡೆಯಲಿಲ್ಲ, ಬರೀ ಭಾಷಣ ನಡೆಯಿತು. ಹಿರಿಯರೊಬ್ಬರು ಎದ್ದು, ಇಷ್ಟು ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಏರುವುದಿಲ್ಲವೇ ಎಂದು ಕೇಳಿದರು. ಅಮೆರಿಕದಲ್ಲಿ ಕಬ್ಬಿಣದ ನೇಗಿಲು ಹೊಸದಾಗಿ ಬಂದಾಗ ಅಲ್ಲಿಯ ರೈತರೂ ಇದೇ ಮಾತು ಹೇಳಿ ಹೆದರಿದ್ದರೆಂದು ಪುಸ್ತಿಕೆಯಲ್ಲಿತ್ತು. ನಾನು ಉತ್ಸಾಹದಿಂದ ಅದನ್ನು ಓದಿ ಹೇಳಿದೆ. "ಹೌದಾ? ಅವರಿಗೂ ಗೊತ್ತಿತ್ತಾ?" ಎಂದು ಅವರು ತೃಪ್ತಿಯಿಂದ ಕೂತರು. ನನ್ನ ವಾದ ಅವರ ಪಕ್ಷಕ್ಕೆ ಹೋಗಿಬಿಟ್ಟಿತ್ತು.

ಈಗ ಬಿಳಗಿಯ ಕಥೆ. ನನ್ನ ನೌಕರಿ ಉಳಿಯಬೇಕೋ ಹೋಗಬೇಕೋ ಎಂಬುದು ತೀರ್ಮಾನವಾದದ್ದು ಅಲ್ಲಿ.

ಸಿದ್ದಾಪುರ ತಾಲೂಕಿನ ಬಿಳಗಿಯಲ್ಲಿ ಗೌರಕ್ಕ ಎಂಬ ಹವ್ಯಕರ ಮನೆಯ ಹೆಂಗಸಿದ್ದರು. ವಯಸ್ಸು ನಲವತ್ತೈದರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಸಾಗುವಳಿಯನ್ನೆಲ್ಲ ತಾವೇ ನೋಡಿಕೊಳ್ಳುತ್ತಿದ್ದರು. ಮನೆ ಬಳಕೆಯ ಬೆಲ್ಲಕ್ಕೆಂದು ಕೆರೆಯ ಮೇಲ್ಗಡೆ ಒಂದು ತುಂಡು ಕಬ್ಬು ಹಾಕಿದ್ದರು. ಸಾಲಿನಿಂದ ಸಾಲಿಗೆ ಅಗಲವಾಗಿ ಜಾಗ ಬಿಟ್ಟು ನೆಟ್ಟ ಕಬ್ಬು ಮೊಣಕಾಲೆತ್ತರ ಬಂದಿತ್ತು. ಸಾಹೇಬರಿಗೆ ಆ ಸಾಲು ಕಂಡದ್ದೇ ತಡ, ಯಂತ್ರಕ್ಕೆ ಹೇಳಿ ಮಾಡಿಸಿದ ಜಾಗವೆಂದು ಅಂಗಳದಲ್ಲೇ ವಿಚಾರಣೆ ಶುರುಮಾಡಿದರು. ನಾನು ಪೆನ್ನು ಹಿಡಿದು ಪಕ್ಕದಲ್ಲಿದ್ದೆ.

"ಏನಮ್ಮ, ಇದನ್ನ ಎಳೆಯೋಕೆ ದೊಡ್ಡ ಜೋಡಿ ಎತ್ತು ಇದ್ಯಾ?"

"ಇಲ್ಲೆ," ಎಂದರು ಗೌರಕ್ಕ.

ಹವ್ಯಕರ ಮಾತಿನಲ್ಲಿ 'ಇಲ್ಲೆ' ಎಂದರೆ ಇಲ್ಲ. ಮಂಡ್ಯದ ಕಿವಿಗೆ ಅದು 'ಇಲ್ಲೇ ಇದೆ' ಎಂದು ಕೇಳಿಸಿತು.

"ಎಲ್ಲಿ?"

"ಇಲ್ಲೆ ಸಾಹೇಬ್ರೆ. ನಮ್ಮನೇಲಿ ಇಲ್ಲೆ."

"ಭೇಷ್! ಮನೇಲೇ ಇದ್ಯಂತೆ ಕಣ್ರೀ, ಬರ್ಕೊಳ್ಳಿ. ನೋಡೋಕೆ ಊರಿನೋರು ಬರ್ತಾರೇನಮ್ಮ?"

"ಎಲ್ಲರೂ ಬತ್ತ," ಎಂದರು ಗೌರಕ್ಕ. ಎಲ್ಲರೂ ಬರುತ್ತಾರೆ ಎಂದರ್ಥ.

"ಭತ್ತಕ್ಕಲ್ಲಮ್ಮ, ಇದು ಕಬ್ಬಿಗೆ," ಎಂದು ಸಾಹೇಬರು ತಾಳ್ಮೆಯಿಂದ ತಿದ್ದಿದರು.

ಗೌರಕ್ಕ ನನ್ನ ಮುಖ ನೋಡಿದರು. ನನಗೆ ಎಲ್ಲ ಅರ್ಥವಾಗಿತ್ತು. ಆದರೆ ಖಾಯಂ ಆಗದ ನೌಕರ, ಮೇಲಧಿಕಾರಿಯ ಕನ್ನಡವನ್ನು ಹೊರಗಿನವರ ಮುಂದೆ ತಿದ್ದುವುದು ಹೇಗೆ? 'ಎತ್ತು ಮನೆಯಲ್ಲೇ ಇವೆ' ಎಂದು ಬರೆದುಕೊಂಡೆ. ನನ್ನ ಇಡೀ ನೌಕರಿಯಲ್ಲಿ ನಾನು ಬರೆದ ಸುಳ್ಳು ಅದೊಂದೇ. ಆಮೇಲಾದರೂ ದಾರಿಯಲ್ಲಿ ಹೇಳಬಹುದಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಪ್ರಾತ್ಯಕ್ಷಿಕೆಯ ದಿನ ಬಂದೇಬಿಟ್ಟಿತು.

ಬೇಸಿಗೆಯ ಸುಡುಬಿಸಿಲು. ಬೆಳಿಗ್ಗೆ ಎಂಟಕ್ಕೆ ಎಂದು ಹೇಳಿದ್ದರಿಂದ ಜನ ಎಂಟಕ್ಕೇ ಬಂದಿದ್ದರು. ಸಾಹೇಬರ ಜೀಪು ಬಂದಾಗ ಹನ್ನೆರಡು ಹೊಡೆದಿತ್ತು. ಅಷ್ಟರೊಳಗೆ ನಾನು ಗೌರಕ್ಕನ ಕಾಲು ಹಿಡಿಯುವುದೊಂದು ಬಾಕಿ.

"ಅಮ್ಮಾರೆ, ಏನಾದ್ರೂ ಒಂದು ಜೋಡಿ ಕೊಡಸ್ರಿ. ಇಲ್ಲಂದ್ರ ನನ್ನ ನೌಕರಿ ಹೋಕ್ಕೈತ್ರಿ."

"ಎತ್ತು ಇಲ್ಲೆ ಹೇಳಿ ಆನು ಎರಡು ಸರ್ತಿ ಹೇಳಿದ್ನಲ ತಮಾ? ನೀನು ಎಂತ ಬರ್ಕಂಡೆ?"

ಅವರ ಮಾತಿನಲ್ಲಿ 'ಹೇಳಿ' ಎಂದರೆ 'ಎಂದು', 'ಆನು' ಎಂದರೆ 'ನಾನು' ಎಂಬುದೂ ನನಗೆ ಗೊತ್ತಿತ್ತು; ಬರೆದದ್ದನ್ನು ತೋರಿಸಿದೆ. ಅವರಿಗೆ ಕನಿಕರ ಬಂದಿರಬೇಕು. ಕೊಟ್ಟಿಗೆಯಿಂದ ತಮ್ಮ ಗದ್ದೆ ಹೂಡುವ ಕೋಣಗಳನ್ನು ಬಿಡಿಸಿದರು. ಒಂದರ ಹೆಸರು ಕರಿಯ, ಇನ್ನೊಂದರದು ಚೆನ್ನ. "ಚೆನ್ನ ಪಾಪದವ. ಕರಿಯಂಗೆ ಮಧ್ಯಾಹ್ನ ಆತು ಅಂದ್ರೆ ನೀರು ಬೇಕು. ಹನ್ನೊಂದರ ಒಳಗೆ ಮುಗಿಸಿ ಬಿಡು," ಎಂದರು.

ನಾನು ಹೇಳಿದೆನಲ್ಲ, ಸಾಹೇಬರು ಬಂದದ್ದೇ ಹನ್ನೆರಡಕ್ಕೆ.

ಎತ್ತಿನ ಜಾಗದಲ್ಲಿ ಕೋಣ ನಿಂತದ್ದನ್ನು ಕಂಡು ಸಾಹೇಬರು ಹುಬ್ಬು ಏರಿಸಿದರು. ಆದರೆ ಸುತ್ತ ಊರೇ ನೆರೆದಿತ್ತು. ಹ್ಯಾಟು ಸರಿಮಾಡಿಕೊಂಡು, "ನಾನೇ ಕೂತು ತೋರಿಸ್ತೀನಿ" ಎಂದು ಏರಿ ಕೂತರು. ಕೂತ ತಕ್ಷಣ ಎಡಕ್ಕೆ ವಾಲಿದರು. ಕೋಣಗಳ ಗಡಿಬಿಡಿಯಲ್ಲಿ ನಾನು ಇನ್ನೊಂದು ತಪ್ಪು ಮಾಡಿದ್ದೆ. ಯಂತ್ರ ಕಬ್ಬಿನ ಸಾಲಿನ ಆಚೆ ಈಚೆ ಗಾಲಿ ಇಟ್ಟು, ಸಾಲನ್ನು ಹೊಟ್ಟೆಯಡಿ ಹಾಯಿಸಿಕೊಂಡು ಹೋಗಬೇಕು. ಅದಕ್ಕೆ ಐದು ಹಲ್ಲುಗಳಲ್ಲಿ ನಡುವಿನದನ್ನು ಬಿಚ್ಚಿಡಬೇಕು. ನಾನು ಬಿಚ್ಚಿರಲಿಲ್ಲ.

ಯಂತ್ರ ಹೊರಟಿತು. ನಡುವಿನ ಹಲ್ಲು, ತಲೆ ಬಾಚಿದಷ್ಟು ಚೆಂದವಾಗಿ, ಒಂದು ಗಿಡವನ್ನೂ ಬಿಡದೆ ಕಬ್ಬು ಕೀಳುತ್ತ ಹೋಯಿತು. ಮುಂದಕ್ಕೆ ನೋಡುತ್ತಿದ್ದ ಸಾಹೇಬರಿಗೆ ಹಿಂದಾಗುತ್ತಿದ್ದದ್ದು ಕಾಣಲಿಲ್ಲ. ಜನ, "ಸಾಹೇಬ್ರೆ, ಕಬ್ಬು! ಕಬ್ಬು!" ಎಂದು ಕೂಗಿದರು. "ಹೌದ್ರಪ್ಪಾ, ಕಬ್ಬಿಗೇ!" ಎಂದು ಸಾಹೇಬರು ಕೈ ಬೀಸಿದರು.

ಸಾಲು ಮುಗಿಯುವಲ್ಲಿ ಕರಿಯನಿಗೆ ಕೆರೆ ಕಂಡಿತು.

ನಾನು ಮೂಗುದಾರದ ಹಗ್ಗ ಹಿಡಿದಿದ್ದೆ. ಒಂದು ಕ್ಷಣ ಹಿಡಿದಿದ್ದೆ, ಮರುಕ್ಷಣ ನೆಲದ ಮೇಲೆ ಅಂಗಾತ ಇದ್ದೆ. ಕೋಣಗಳು ಇಳಿಜಾರಿನಲ್ಲಿ ಓಡಿದವು. ಸಾಹೇಬರು ನಿಲ್ಲಿಸಲೆಂದು ಎಡಗಡೆಯ ಹಿಡಿಯನ್ನು ಜಗ್ಗಿದರು. ಅದು ನಿಲ್ಲಿಸುವ ಹಿಡಿಯಲ್ಲ, ಹಲ್ಲು ಮೇಲೆತ್ತುವ ಹಿಡಿ. ಹಲ್ಲು ಮೇಲೆದ್ದು ಯಂತ್ರ ಹಗುರಾಯಿತು. ಕೋಣಗಳು ಇನ್ನೂ ಜೋರಾಗಿ ಓಡಿದವು. ಬಲಗಡೆಯ ಹಿಡಿ ಜಗ್ಗಿದರು. ಅದು ಕೈಗೇ ಬಂತು. ಅದನ್ನು ಖಡ್ಗದ ಹಾಗೆ ಎತ್ತಿ ಹಿಡಿದುಕೊಂಡೇ ಅವರು ಕೆರೆಗಿಳಿದರು.

ಕೋಣಗಳು ಎದೆಮಟ್ಟ ನೀರಿಗೆ ಹೋಗಿ, ನಿಟ್ಟುಸಿರು ಬಿಟ್ಟು ಕೂತುಕೊಂಡವು. ಹಿಂದೆ ಕುರ್ಚಿಯ ಮೇಲೆ, ಸೊಂಟದವರೆಗೆ ನೀರಿನಲ್ಲಿ ಸಾಹೇಬರೂ ಕೂತಿದ್ದರು. ಹ್ಯಾಟು ಬೆಂಡಿನದಾದ್ದರಿಂದ ತೇಲುತ್ತ ದೂರ ಹೋಗುತ್ತಿತ್ತು. ಯಾರೂ ನಗಲಿಲ್ಲ. ಅಷ್ಟು ಜನ ಅಷ್ಟು ಕಷ್ಟಪಟ್ಟು ನಗು ತಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶ್ರೀಕಂಠಯ್ಯನವರ ದೊಡ್ಡತನ ನನಗೆ ಗೊತ್ತಾದದ್ದು ಆಗ. ಅವರು ಜೇಬಿನಿಂದ ಒದ್ದೆ ಕಾಗದ ತೆಗೆದು, "ರೈತ ಬಾಂಧವರೇ" ಎಂದು ನೀರಿನಲ್ಲಿ ಕೂತೇ ಭಾಷಣ ಆರಂಭಿಸಿದರು.

ದಡದಿಂದ ಗೌರಕ್ಕ ಕೂಗಿದರು: "ಸಾಹೇಬ್ರೆ, ಅವು ಇನ್ನು ಏಳದು ಬಿಸಿಲು ಇಳಿದ ಮೇಲೇಯ. ನಿಂಗ ಮೊದಲು ಎದ್ದು ಬನ್ನಿ. ಭಾಷಣ ಇಲ್ಲಿ ಮಾಡಲಕ್ಕು."

ನಾಲ್ಕು ಜನ ಹೋಗಿ ಅವರನ್ನು ಎತ್ತಿ ತಂದರು. ಸಂಜೆ ಕರಿಯ ಏಳುವಾಗ ಮೈ ತಿರುಗಿಸಿದ ರಭಸಕ್ಕೆ ಎರಕದ ಚೌಕಟ್ಟು ಎರಡು ತುಂಡಾಯಿತು. ಗೌರಕ್ಕ ಕಿತ್ತುಹೋದ ಸಾಲಿನ ಮುಂದೆ ನಿಂತು, ಒಂದು ಗಿಡವನ್ನು ಎತ್ತಿ ಬೇರು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. "ವರ್ಷದ ಬೆಲ್ಲ ಹೋತು ತಮಾ," ಎಂದರು, ಅಷ್ಟೇ. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಮರುದಿನ ಸಿದ್ದಾಪುರದ ಪ್ರವಾಸಿ ಮಂದಿರದಲ್ಲಿ ಸಾಹೇಬರು ನನ್ನನ್ನು ಕರೆಸಿದರು. ಹ್ಯಾಟು ಕಿಟಕಿಯಲ್ಲಿ ಒಣಗುತ್ತಿತ್ತು. ನಾನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಹಲ್ಲು ಬಿಚ್ಚದೆ ಬಿಟ್ಟದ್ದು ನಾನು, 'ಇಲ್ಲೆ' ಎಂಬುದರ ಅರ್ಥ ಗೊತ್ತಿದ್ದೂ ಬಾಯಿ ಬಿಡದಿದ್ದದ್ದು ನಾನು.

ಸಾಹೇಬರು ಹ್ಯಾಟನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿಟ್ಟರು.

"'ಇಲ್ಲೆ' ಅಂದ್ರೆ ಇಲ್ಲ ಅಂತಲೇನ್ರೀ?"

"ಹೌದು ಸರ್."

"ವಾನಳ್ಳೀಲಿ ಒಬ್ಬರ ಮನೆಗೆ ಹೋಗಿದ್ದೆ. ಯಜಮಾನರು ಇದ್ದಾರಾ ಅಂದ್ರೆ, ಆ ತಾಯಿ 'ಇಲ್ಲೆ' ಅಂದ್ರು. ಮಧ್ಯಾಹ್ನದವರೆಗೂ ಜಗಲಿ ಮೇಲೆ ಕಾದೆ. ಅವರು ಎರಡು ಸಲ ಮಜ್ಜಿಗೆ ಕೊಟ್ಟರು, ಆಮೇಲೆ ಊಟ ಹಾಕಿದ್ರು. ಯಜಮಾನರು ಒಳಗೇ ಕೂತು ಹೊರಗೆ ಬರ್ತಿಲ್ಲ, ಎಂಥ ಗರ್ವ ಅಂದ್ಕೊಂಡು ಬಂದೆ!" ಅವರ ಭುಜಗಳು ಕುಲುಕತೊಡಗಿದವು. ಅಳುತ್ತಿದ್ದಾರೆಂದು ನಾನು ಹೆದರಿದೆ. ಅವರು ನಗುತ್ತಿದ್ದರು. ಆದರೆ ನಗು ನಿಂತ ಮೇಲೆ ಹೇಳಿದ್ದು ನಗುವಿನ ಮಾತಲ್ಲ. "ಆಯಮ್ಮನ ಕಬ್ಬು ಮತ್ತೆ ಚಿಗುರೋವರೆಗೂ ಬಿಳಗಿ ಬಿಟ್ಟು ಬರಬೇಡಿ. ಚಿಗುರದೆ ಹೋದರೆ ಕಚೇರಿಗೂ ಬರಬೇಡಿ."

ಗೌರಕ್ಕನ ಮನೆಯ ಹೊರಜಗಲಿಯಲ್ಲಿ ನನಗೆ ಜಾಗ ಸಿಕ್ಕಿತು. ಕಿತ್ತ ಗಿಡಗಳಲ್ಲಿ ಬದುಕುವಂಥವನ್ನು ಆರಿಸಿ ಮತ್ತೆ ನೆಟ್ಟೆ. ಸತ್ತ ಜಾಗಕ್ಕೆ ಹೊಸ ಬಿತ್ತನೆ ತುಂಡು ಹುಗಿದೆ. ಹಗಲೆಲ್ಲ ಕೆರೆಯಿಂದ ಕೊಡದಲ್ಲಿ ನೀರು ಹೊತ್ತೆ. ನೀರು ಬಿದ್ದದ್ದೇ ಕಬ್ಬಿಗಿಂತ ಮೊದಲು ಕಳೆ ಚಿಗುರಿತು. ಬಗ್ಗಿ ಕಳೆ ಕಿತ್ತು ನಾಲ್ಕನೆಯ ದಿನ ನನ್ನ ಸೊಂಟ ನೆಟ್ಟಗಾಗುವುದನ್ನು ನಿಲ್ಲಿಸಿತು. ಕುರ್ಚಿ ಕಂಡುಹಿಡಿದ ಆ ದೊರೆಯ ಮೇಲೆ ನನಗೆ ಮೊದಲ ಸಲ ನಿಜವಾದ ಗೌರವ ಹುಟ್ಟಿತು.

ಗೌರಕ್ಕ ಬದುವಿನ ಮೇಲೆ ನಿಂತು ನೋಡುತ್ತಿದ್ದರು. "ತಮಾ, ಆ ಮುರುಕಲಿನ ಹಲ್ಲು ಗಟ್ಟಿ ಇದ್ದಲ. ಮೂರು ಬಿಚ್ಚಿ ಒಂದು ಮರಕ್ಕೆ ಹಚ್ಚಲೆ ಆಗ್ತಿಲ್ಯ? ಕುರ್ಚಿ ಎಂತಕ್ಕೆ? ನಂಗಕ್ಕೆ ಕಾಲು ಇದ್ದು." ನಮಗೆ ಕಾಲು ಇದೆ ಎಂದರ್ಥ.

ನನ್ನ ಕಣ್ಣ ಮುಂದೆ ಅಪ್ಪನ ಎಡೆಕುಂಟೆ ಬಂದು ನಿಂತಿತು. ಇಬ್ಬರೂ ಊರಿನ ಆಚಾರಿಯ ಕುಲುಮೆಗೆ ಹೋದೆವು. ನಾನು ಕುಂಟೆಯ ಅಳತೆ ಹೇಳಿದೆ, ಗೌರಕ್ಕ ಹಿಡಿಯ ಎತ್ತರ ಹೇಳಿದರು, ಆಚಾರಿ ಇಬ್ಬರನ್ನೂ ಸುಮ್ಮನಿರಿಸಿ ತನಗೆ ಸರಿಕಂಡ ಹಾಗೆ ಮಾಡಿದ. ಹಲಸಿನ ದಿಂಡಿಗೆ ಮೂರು ಸ್ಪ್ರಿಂಗು ಹಲ್ಲು, ಮೇಲೊಂದು ಹಿಡಿ. ಒಂದೇ ಕೋಣ ಎಳೆಯುವಷ್ಟು ಹಗುರ. ಕರಿಯನ ಬಾಯಿಗೆ ಬಳ್ಳಿಯ ಕುಕ್ಕೆ ಕಟ್ಟಿ, ಬೆಳಿಗ್ಗೆ ಏಳಕ್ಕೆ ಸಾಲಿನ ನಡುವೆ ಇಳಿಸಿದೆವು.

ಹಿಡಿ ನನ್ನ ಕೈಯಲ್ಲಿತ್ತು. ಮೊದಲ ಬೇರು ಅಡ್ಡ ಬಂತು. ಹಲ್ಲು ಹಿಂದಕ್ಕೆ ಬಾಗಿತು, ಬೇರು ದಾಟಿತು, 'ಟಣ್' ಎಂದು ಮತ್ತೆ ನೆಟ್ಟಗಾಯಿತು. ನಮ್ಮ ಕಲ್ಲು ಬೇರಿನ ನೆಲಕ್ಕೆಂದೇ ಯಾರೋ ಮಾಡಿ ಕಳಿಸಿದ ಹಾಗಿತ್ತು. ಕಳೆ ಬುಡಸಮೇತ ಮೇಲೆ ಬಂದು ಬಿಸಿಲಿಗೆ ಬಿತ್ತು. ಕಬ್ಬಿನ ಒಂದು ಗರಿಯೂ ಅಲುಗಲಿಲ್ಲ. ನಾನು ಎರಡು ಸಾಲು ಹೊಡೆಯುವಷ್ಟರಲ್ಲಿ ಗೌರಕ್ಕ, "ಹಿಂದೆ ಸರಿ ತಮಾ, ನೀನು ಸೊಟ್ಟ ಹೊಡಿತೆ" ಎಂದು ಹಿಡಿ ಕಸಿದುಕೊಂಡರು. ಹತ್ತೂವರೆಗೆ ಕೆಲಸ ಮುಗಿದು, ಹನ್ನೊಂದಕ್ಕೆ ಕರಿಯ ಕೆರೆಯಲ್ಲಿದ್ದ.

ಮೂರನೆಯ ವಾರ ನೆಟ್ಟ ಸಾಲಿನಲ್ಲಿ ಹಸಿರು ಸುಳಿ ಕಾಣಿಸಿತು. ಸಾಹೇಬರಿಗೆ ಕಾಗದ ಬರೆದೆ. ಅವರು ಬಂದು ಕಬ್ಬು ನೋಡಿದರು, ಕುಂಟೆ ನೋಡಿದರು. ಬೂಟು ಬಿಚ್ಚಿ ತಾವೇ ಒಂದು ಸಾಲು ಹೊಡೆದರು. ಆ ಹೊತ್ತಿಗೆ ಅಕ್ಕಪಕ್ಕದ ನಾಲ್ಕೈದು ಮನೆಯವರು ಆಚಾರಿಯ ಹತ್ತಿರ ತಮಗೂ ಒಂದು ಮಾಡಿಕೊಡು ಎಂದಿದ್ದರು. ಸಾಹೇಬರು ಖುಷಿಯಿಂದ ಜೀಪಿನಲ್ಲಿದ್ದ ಮುದ್ರಿತ ಫಾರಮು ತರಿಸಿದರು. ಹೊಸ ಸುಧಾರಿತ ಉಪಕರಣ ಕಂಡರೆ ಮೇಲಿನ ಕಚೇರಿಗೆ ತಿಳಿಸಲು ಇದ್ದ ಫಾರಮು ಅದು. ನಾನು ತುಂಬುತ್ತ ಹೋದೆ. 'ರೂಪಿಸಿದವರ ಹೆಸರು' ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

"ನನ್ನ ಹೆಸರು ಬೇಡಪ್ಪ," ಎಂದರು ಸಾಹೇಬರು ಅವಸರದಿಂದ. "ಹೇಗೆ ಆಯ್ತು ಅಂತ ಕೇಳ್ತಾರೆ. ಕೆರೆಯವರೆಗೂ ಬರುತ್ತೆ ಮಾತು."

"ನನ್ನದೂ ಬ್ಯಾಡ್ರಿ ಸರ್," ಎಂದೆ.

ಆಚಾರಿ, "ನಾ ಬರೇ ಸುತ್ತಿಗೆ ಹೊಡದದ್ದು," ಎಂದು ಜಾರಿಕೊಂಡ.

ಗೌರಕ್ಕ ಕುಕ್ಕೆ ಬಿಚ್ಚುತ್ತ ಹೇಳಿದರು: "ಕರಿಯ ಹೇಳಿ ಬರಿ. ಅವ ಆ ಗಾಡಿ ಮುರಿದ ಮೇಲೇ ಅಲ್ದ ಇದು ಆದದ್ದು?"

ನಾನು ಸಾಹೇಬರ ಮುಖ ನೋಡಿದೆ. ಅವರು ಗಂಭೀರವಾಗಿ, "ಸತ್ಯ ತಾನೇ? ಬರ್ಕೊಳ್ಳಿ," ಎಂದರು. ಬರೆದೆ: ಕರಿಯ, ಬಿಳಗಿ ಗ್ರಾಮ, ಸಿದ್ದಾಪುರ ತಾಲೂಕು. ವಿದ್ಯಾಭ್ಯಾಸ ಎಂಬಲ್ಲಿ ಗೀಟು ಎಳೆದೆ. ಬೇಸಾಯದ ಅನುಭವ ಎಂಬಲ್ಲಿ, ಗೌರಕ್ಕನನ್ನು ಕೇಳಿ, ಒಂಬತ್ತು ವರ್ಷ ಎಂದು ಬರೆದೆ.

ಮಳೆಗಾಲ ಹಿಡಿಯುವ ಹೊತ್ತಿಗೆ ನನ್ನ ಖಾಯಮಾತಿಯ ಆದೇಶ ಬಂತು. ಅದೇ ಟಪಾಲಿನಲ್ಲಿ ಇನ್ನೊಂದು ಕಾಗದವಿತ್ತು. ಪ್ರಗತಿಪರ ರೈತ ಶ್ರೀ ಕರಿಯ ಇವರು ಸನ್ಮಾನ ಸ್ವೀಕರಿಸಲು ಶಿರಸಿಗೆ ಬಂದು, ತಮ್ಮ ಅನುಭವದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಮೇಲಿನ ಕಚೇರಿ ಕೋರಿತ್ತು. ನಾನು ಕಾಗದ ಹಿಡಿದು ಬಿಳಗಿಗೆ ಓಡಿದೆ. ಗೌರಕ್ಕ ಗದ್ದೆಯ ಬದುವಿನ ಮೇಲಿದ್ದರು.

"ಅವ ಈಗ ಗದ್ದೆ ಹೂಡ್ತಾ ಇದ್ದ. ಅದು ಮುಗೀಲಿ, ಆಮೇಲೆ ನೋಡನ ಹೇಳಿ ಬರಿ ತಮಾ," ಎಂದರು.

ನಾನು ಹಾಗೆಯೇ ಬರೆದು ಕಳಿಸಿದೆ. ಹದಿನೈದು ದಿನಕ್ಕೆ ಉತ್ತರ ಬಂತು. ಸನ್ಮಾನಕ್ಕಿಂತ ಸಾಗುವಳಿಯೇ ಮೊದಲು ಎನ್ನುವ ಶ್ರೀ ಕರಿಯರಂಥವರು ಜಿಲ್ಲೆಯ ರೈತರಿಗೆಲ್ಲ ಮಾದರಿ ಎಂದು ಹೊಗಳಿ, ಕೆಳಗೆ ದೊಡ್ಡ ಸಹಿ ಮಾಡಿ, ಪ್ರಶಸ್ತಿಪತ್ರವನ್ನು ಲಗತ್ತಿಸಿದ್ದರು. ಗೌರಕ್ಕ, ಯಾರದ್ದೋ ಅವರಿಗೆ ಮುಟ್ಟಿಸಬೇಕು ಎಂದು ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು. ನಾನು ಕರಿಯನ ಎದುರು ನಿಂತು ಪ್ರಶಸ್ತಿಪತ್ರವನ್ನು ಆದ್ಯಂತ ಗಟ್ಟಿಯಾಗಿ ಓದಿದೆ. ಅವನು ಕಿವಿ ಅಲ್ಲಾಡಿಸದೆ ಪೂರ್ತಿ ಕೇಳಿಸಿಕೊಂಡ. ಆಮೇಲೆ ಕತ್ತು ಚಾಚಿ, ಸಹಿಯ ಕಡೆಯಿಂದ ಶುರುಮಾಡಿ ತಿಂದ.